ರಜೆ ಅಂದ್ರು, ಕೈಗೆ ಹಗ್ಗ ಕೊಟ್ರು

ಫ್ರಾನ್ಸಿನ ಕಾಲುವೆಯಲ್ಲಿ ದೋಣಿ ಪ್ರವಾಸ ಅಂತ ಹುಡುಕಿದರೆ ಸಿಗುವ ಫೋಟೊಗಳೆಲ್ಲ ಒಂದೇ ಥರ. ಡೆಕ್ ಮೇಲೆ ಕಾಲು ಚಾಚಿ ಕೂತವರು, ಕೈಯಲ್ಲೊಂದು ವೈನ್ ಗ್ಲಾಸು, ಹಿಂದೆ ಮರಗಳ ಸಾಲು. ಫೋಟೊ ಸುಳ್ಳೇನಲ್ಲ. ಎರಡು ಲಾಕ್‌ಗಳ ನಡುವೆ, ಅಂದರೆ ದೋಣಿಯನ್ನು ನೀರಿನ ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟಿನ ತೊಟ್ಟಿಗಳ ನಡುವೆ ತೆಗೆದದ್ದು, ಅಷ್ಟೇ. ಲಾಕ್ ಕಾಣಿಸಿದ ಕೂಡಲೇ ಆ ಗ್ಲಾಸನ್ನು ಎಲ್ಲಾದರೂ ಬೀಳದ ಹಾಗೆ ಇಟ್ಟು, ಚಪ್ಪಲಿ ಬಿಟ್ಟು ಶೂ ಏರಿಸಿ, ಹಗ್ಗ ಹಿಡಿದು ಓಡಬೇಕು. ನಾವು ಹೋದ ನಿವೆರ್ನೆ ಕಾಲುವೆಯ ಉದ್ದ 174 ಕಿಲೋಮೀಟರ್, ಲಾಕ್‌ಗಳು ನೂರಕ್ಕೂ ಜಾಸ್ತಿ. ಅಂದರೆ ಒಂದೂವರೆ ಎರಡು ಕಿಲೋಮೀಟರಿಗೆ ಒಂದರಂತೆ ಬರುತ್ತಲೇ ಇರುತ್ತವೆ.

ಸುಸ್ತಾಗುತ್ತದೆ. ಅಂಗೈ ಒರಟಾಗುತ್ತದೆ. ಆದರೂ ಗೆಳೆಯರ ಜೊತೆ ಮಾಡಬಹುದಾದ ಪ್ರವಾಸಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ, ಕಾರಣ ಆ ಹಾಳು ಲಾಕ್‌ಗಳೇ. ಬೇರೆ ಕಡೆ ಆರು ಜನ ಒಟ್ಟಿಗೆ ಹೋದರೆ ಆರು ಮೊಬೈಲ್ ನೋಡಿಕೊಂಡು ಕೂತಿರುತ್ತೇವೆ, ಊಟಕ್ಕೆ ಎಲ್ಲಿ ಹೋಗೋಣ ಅನ್ನುವುದಷ್ಟೇ ಮಾತು. ಇಲ್ಲಿ ಅರ್ಧ ಗಂಟೆಗೊಮ್ಮೆ ಎಲ್ಲರಿಗೂ ಒಂದೊಂದು ಕೆಲಸ ಬೀಳುತ್ತದೆ, ಅದರಲ್ಲಿ ಒಬ್ಬರು ಸುಮ್ನೆ ನಿಂತರೂ ದೋಣಿ ಹೋಗಿ ಗೋಡೆಗೆ ಗುದ್ದುತ್ತದೆ.

ಮೊದಲು ಎಲ್ಲರೂ ನಮಗೆ ಹೇಳಿದ್ದು ದಕ್ಷಿಣದ ಮಿದಿ ಕಾಲುವೆಗೆ ಹೋಗಿ ಅಂತ. ಅದರ ಹೆಸರು ದೊಡ್ಡದು, ಕತೆಯೂ ದೊಡ್ಡದು. ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಪಿಯೆರ್-ಪೋಲ್ ರಿಕೆ ಎಂಬಾತ ಹದಿನಾಲ್ಕನೇ ಲೂಯಿಯ ಕಾಲದಲ್ಲಿ, 1666ರಲ್ಲಿ ರಾಜನ ಒಪ್ಪಿಗೆ ಗಿಟ್ಟಿಸಿಕೊಂಡ, ಸ್ವಂತ ದುಡ್ಡನ್ನೂ ಅದಕ್ಕೆ ಸುರಿದ, 1681ರಲ್ಲಿ ಕಾಲುವೆ ತೆರೆಯುವುದಕ್ಕೆ ಕೆಲವೇ ತಿಂಗಳು ಮೊದಲು ತೀರಿಕೊಂಡ. ಪಾಪ. ತುಲೂಸ್‌ನಿಂದ ಸಮುದ್ರದ ಪಕ್ಕದ ತೋ ಸರೋವರದವರೆಗೆ 240 ಕಿಲೋಮೀಟರ್, 1996ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಫೋಟೊಗಳಲ್ಲಿ ಎರಡೂ ದಡದಿಂದ ಬಾಗಿ ನೆರಳು ಕೊಡುವ ಪ್ಲೇನ್ ಮರಗಳು ಅಲ್ಲಿಯವೇ. ಆದರೆ 2006ರಲ್ಲಿ ಆ ಮರಗಳಿಗೆ ಒಂದು ಶಿಲೀಂಧ್ರ ರೋಗ ಅಂಟಿದ್ದು ಪತ್ತೆಯಾಯಿತು. ವಾಸಿ ಮಾಡುವ ಮದ್ದಿಲ್ಲ. ರೋಗ ಬಂದ ಮರವನ್ನೂ ಅದರ ಅಕ್ಕಪಕ್ಕದವನ್ನೂ ಕಡಿದು ಸುಡಬೇಕು. ಹಾಗೆ ಸಾವಿರಗಟ್ಟಲೆ ಮರ ಹೋದವು, ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ, ಅವು ನೆರಳು ಕೊಡಲು ಇನ್ನೂ ಎಷ್ಟೋ ವರ್ಷ ಬೇಕು. ಸೀಸನ್‌ನಲ್ಲಿ ಬೆಜಿಯೆ ಊರಿನ ಫೊನ್ಸೆರಾನ್‌ನಲ್ಲಿ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಇರುವ ಲಾಕ್‌ಗಳ ಮುಂದೆ ದೋಣಿಗಳ ಕ್ಯೂ ಬೇರೆ ಇರುತ್ತದೆ.

ನಾವು ನಿವೆರ್ನೆ ಆರಿಸಿಕೊಂಡದ್ದು ಇದೆಲ್ಲ ಅಳೆದು ತೂಗಿ ಅಂತ ಹೇಳಿದರೆ ಚೆನ್ನಾಗಿರುತ್ತಿತ್ತು. ನಿಜ ಏನಂದರೆ, ಗುಂಪಿನಲ್ಲೊಬ್ಬ ಮ್ಯಾಪ್ ತೆಗೆದು ಆ ಕಾಲುವೆ ಶುರುವಾಗುವ ಓಸೆರ್ ಊರಿನಿಂದ, ವೈನ್‌ಗೆ ಹೆಸರಾದ ಶಾಬ್ಲಿಯ ದ್ರಾಕ್ಷಿ ತೋಟಗಳು ಸುಮಾರು 20 ಕಿಲೋಮೀಟರ್ ದೂರದಲ್ಲಿವೆ ಅಂತ ತೋರಿಸಿದ. ಚರ್ಚೆ ಅಲ್ಲಿಗೆ ಮುಗಿಯಿತು.

ಓಸೆರ್ ಇರುವುದು ಬರ್ಗಂಡಿಯಲ್ಲಿ, ಯೊನ್ ನದಿಯ ದಡದಲ್ಲಿ. ಊರಿನ ಸೇತುವೆ ಮೇಲೆ ನಿಂತರೆ ಸೇಂಟ್ ಎತಿಯೆನ್ ಕೆಥೆಡ್ರಲ್ಲು, ಸೇಂಟ್ ಜೆರ್ಮೆನ್ ಮಠ, ಕೆಳಗೆ ಸಾಲಾಗಿ ಕಟ್ಟಿದ ದೋಣಿಗಳು ಒಟ್ಟಿಗೆ ಕಾಣುತ್ತವೆ. ಮಠದ ನೆಲಮಾಳಿಗೆಯಲ್ಲಿ ಒಂಬತ್ತನೇ ಶತಮಾನದ ಗೋಡೆ ಚಿತ್ರಗಳಿವೆ, ದೋಣಿ ಕೈಗೆ ಸಿಗುವುದು ಮಧ್ಯಾಹ್ನದ ಮೇಲೆಯೇ ಆದ್ದರಿಂದ ಬೆಳಿಗ್ಗೆ ಹೋಗಿ ನೋಡಿಬಿಡಿ. ಇಲ್ಲಿಂದ ಕಾಲುವೆ ದಕ್ಷಿಣಕ್ಕೆ ಹೊರಟು, ಸೇನ್ ನದಿಯ ಕಣಿವೆಯಿಂದ ಗುಡ್ಡ ಹತ್ತಿ, ಆಚೆ ಲೋಯಾರ್ ನದಿಯ ಕಣಿವೆಗೆ ಇಳಿಯುತ್ತದೆ. 1784ರಲ್ಲಿ ಕೆಲಸ ಶುರುವಾಗಿ, ನಡುವೆ ಕ್ರಾಂತಿ, ಯುದ್ಧ ಎಲ್ಲ ಆಗಿ, ಪೂರ್ತಿ ತೆರೆದದ್ದು 1840ರ ದಶಕದಲ್ಲಿ. ನಾವು ಹೋದದ್ದು ಓಸೆರ್‌ನಿಂದ ಕ್ಲಾಮ್‌ಸಿವರೆಗೆ, ಸುಮಾರು 60 ಕಿಲೋಮೀಟರ್, ಮತ್ತೆ ಅದೇ ದಾರಿಯಲ್ಲಿ ವಾಪಸ್. ಕಾರಿನಲ್ಲಿ ಒಂದು ಗಂಟೆಯ ದಾರಿ, ನಗಬೇಡಿ.

ಲೈಸೆನ್ಸ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಫ್ರಾನ್ಸಿನಲ್ಲಿ ಬಾಡಿಗೆ ದೋಣಿಗೆ ಬೇಡ. ಬಾಡಿಗೆ ಕೊಡುವವರೇ ಒಂದಿಷ್ಟು ಹೇಳಿಕೊಟ್ಟು, ಆ ಬಾಡಿಗೆಯ ಅವಧಿಗಷ್ಟೇ ನಡೆಯುವ ಒಂದು ಕಾಗದ ಕೊಡುತ್ತಾರೆ. ಹತ್ತು ಹನ್ನೆರಡು ಮೀಟರ್ ಉದ್ದದ, ಅಡುಗೆಮನೆ ಮಂಚ ಬಚ್ಚಲು ಎಲ್ಲ ಇರುವ ದೋಣಿಯನ್ನು ಇಷ್ಟಕ್ಕೇ ಕೈಗೆ ಕೊಡುತ್ತಾರೆ ಅನ್ನುವುದು ಈಗಲೂ ನನಗೆ ಆಶ್ಚರ್ಯ. ನಮಗೆ ಹೇಳಿಕೊಟ್ಟವರು ಅವಸರದಲ್ಲಿದ್ದರು, ಆ ಸಂಜೆ ಇನ್ನೂ ಎಷ್ಟೋ ದೋಣಿ ಕಳಿಸಬೇಕಿತ್ತು. ಗ್ಯಾಸ್ ಇಲ್ಲಿ, ಫ್ಯೂಸ್ ಇಲ್ಲಿ, ಇದನ್ನು ಮುಟ್ಟಬೇಡಿ, ಅದನ್ನು ದಿನಾ ಬೆಳಿಗ್ಗೆ ನೋಡಿ, ಬಾನ್ ವೊಯಾಜ್. ಬಚ್ಚಲಿನ ನೀರು ಹೊರಗೆ ಹಾಕುವ ಪಂಪು ಕೈ ಕೊಡುತ್ತದೆ ಅಂತ ಮಾತ್ರ ಹೇಳಲಿಲ್ಲ. ಅದು ಎರಡನೇ ಸ್ನಾನಕ್ಕೇ ನಮಗೆ ತಾನಾಗಿ ತಿಳಿಯಿತು.

ದೋಣಿ ನಡೆಸುವುದರಲ್ಲಿ ಕಷ್ಟ ವೇಗದ್ದಲ್ಲ, ಕಾಲುವೆಯಲ್ಲಿ ಗಂಟೆಗೆ 6ರಿಂದ 8 ಕಿಲೋಮೀಟರ್ ಮೇಲೆ ಹೋಗುವ ಹಾಗೇ ಇಲ್ಲ. ಕಷ್ಟ ಇರುವುದು ನಿಲ್ಲಿಸುವುದರಲ್ಲಿ. ಬ್ರೇಕ್ ಅನ್ನುವುದು ಇಲ್ಲವೇ ಇಲ್ಲ, ರಿವರ್ಸ್ ಹಾಕಿ ಕಾಯಬೇಕು. ಚಕ್ರ ತಿರುಗಿಸಿದರೆ ಎರಡು ಮೂರು ಸೆಕೆಂಡ್ ಏನೂ ಆಗುವುದಿಲ್ಲ, ಕೇಳಿಸಲಿಲ್ಲವೇನೋ ಅಂತ ಇನ್ನಷ್ಟು ತಿರುಗಿಸುತ್ತೀರಿ, ಆಗ ಎರಡೂ ತಿರುವನ್ನು ಸೇರಿಸಿ ಒಟ್ಟಿಗೆ ತಿರುಗುತ್ತದೆ. ತಿರುಗುವುದು ಕೂಡ ಮೂಗಿನಿಂದಲ್ಲ, ನಡುವಿನಲ್ಲಿ ಮೊಳೆ ಹೊಡೆದ ಹಲಗೆಯ ಹಾಗೆ, ಮುಂದಿನ ತುದಿ ಎಡಕ್ಕೆ ಹೋದರೆ ಹಿಂದಿನ ತುದಿ ಬಲಕ್ಕೆ ಹೊಡೆಯುತ್ತದೆ. ಇಂಜಿನ್ ನ್ಯೂಟ್ರಲ್‌ಗೆ ಬಂತೋ, ಚುಕ್ಕಾಣಿಗೆ ಅರ್ಥವೇ ಇಲ್ಲ. ನಿಧಾನ ಮಾಡಿದಷ್ಟೂ ಹಿಡಿತ ಕಮ್ಮಿ. ಗಾಳಿ ಬೀಸಿದರೆ ಅದಕ್ಕೂ ಒಂದು ಅಭಿಪ್ರಾಯ ಇರುತ್ತದೆ.

ಈ ದೋಣಿಯನ್ನು ಈಗ ಐದು ಮೀಟರ್ ಚಿಲ್ಲರೆ ಅಗಲದ ಕಲ್ಲಿನ ಪೆಟ್ಟಿಗೆಯೊಳಗೆ ತೂರಿಸಬೇಕು. ಲಾಕ್ ಅಂದರೆ ಅದೇ. ಎರಡು ತುದಿಗೆ ಗೇಟ್ ಇರುವ ಕಲ್ಲಿನ ತೊಟ್ಟಿ. ಕೆಳಗಿನ ಗೇಟಿನಿಂದ ಒಳಗೆ ಹೋಗುತ್ತೀರಿ, ಹಿಂದೆ ಗೇಟ್ ಮುಚ್ಚುತ್ತದೆ, ಮೇಲಿನ ಗೇಟಿನ ಕಿಂಡಿ ತೆರೆದರೆ ನೀರು ತುಂಬಿ ದೋಣಿ ಮೇಲೇರುತ್ತದೆ, ಮಟ್ಟ ಸರಿಹೋದ ಮೇಲೆ ಮುಂದಿನ ಗೇಟ್ ತೆರೆದು ಹೊರಗೆ. ಮೋಟಾರ್ ಇಲ್ಲ, ಪಂಪ್ ಇಲ್ಲ. ಮೇಲಿನ ನೀರು ಕೆಳಗೆ ಬರಬೇಕು ಅನ್ನುವುದೊಂದೇ ಶಕ್ತಿ. ಇನ್ನೂರು ವರ್ಷದ ಹಿಂದೆ ಹೇಗೆ ನಡೆಯುತ್ತಿತ್ತೋ ಇಲ್ಲಿ ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ, ಕೈಯಲ್ಲಿ ತಿರುಗಿಸುವ ಹಲ್ಲುಚಕ್ರ, ಬೆನ್ನು ಕೊಟ್ಟು ತಳ್ಳುವ ಗೇಟು.

ಓಸೆರ್‌ನಿಂದ ಹೊರಟರೆ ಎಲ್ಲ ಏರುವ ಲಾಕ್‌ಗಳು. ಏರುವುದೇ ಕಷ್ಟದ್ದು. ಒಳಗೆ ಹೋದಾಗ ನೀವು ಬಾವಿಯ ತಳದಲ್ಲಿರುತ್ತೀರಿ. ಎರಡೂ ಕಡೆ ಒದ್ದೆ ಗೋಡೆ, ಪಾಚಿ, ಕಲ್ಲಿನ ಸಂದಿಯಲ್ಲಿ ಪುಟ್ಟ ಜರೀಗಿಡಗಳು, ತಣ್ಣಗಿನ ಕೆಸರಿನ ವಾಸನೆ. ಹಗ್ಗ ಹಾಕಬೇಕಾದ ಕಬ್ಬಿಣದ ಗೂಟ ಇರುವುದು ತಲೆಯಿಂದ ಎಷ್ಟೋ ಮೇಲೆ, ಆಕಾಶದ ಪಕ್ಕ. ಹಾಗಾಗಿ ಲಾಕ್‌ಗೆ ಮುಂಚೆಯೇ ಒಬ್ಬರನ್ನು ದಡಕ್ಕೆ ಇಳಿಸಿ ಮೇಲೆ ನಡೆಸಬೇಕು, ಇಲ್ಲ ಅಂದರೆ ಜಾರುವ ಏಣಿ ಹತ್ತಬೇಕು. ಮೇಲಿರುವವರಿಗೆ ಹಗ್ಗ ಎಸೆಯುತ್ತೀರಿ, ಅವರು ಗೂಟಕ್ಕೆ ಒಂದು ಸುತ್ತು ಹಾಕಿ ತುದಿಯನ್ನು ಮತ್ತೆ ಕೆಳಗೆ ಕೊಡುತ್ತಾರೆ. ಗಂಟು ಹಾಕುವ ಹಾಗಿಲ್ಲ, ಯಾವತ್ತೂ. ಕಿಂಡಿ ತೆರೆದಾಗ ನೀರು ದೋಣಿಯ ಮೂಗಿನ ಕೆಳಗೆ ನುಗ್ಗುತ್ತದೆ, ಬಿಳಿ ನೊರೆ, ದೋಣಿ ಮೊದಲು ಹಿಂದಕ್ಕೆ ಹೋಗುತ್ತದೆ, ಆಮೇಲೆ ಮುಂದಕ್ಕೆ ಎಳೆಯುತ್ತದೆ. ಹಗ್ಗ ಕಿರ್ ಅನ್ನುತ್ತದೆ. ಆಗ ಅದು ಟನ್‌ಗಟ್ಟಲೆ ತೂಕದ ದೋಣಿ ಅನ್ನುವುದು ಅಂಗೈಗೆ ಗೊತ್ತಾಗುತ್ತದೆ. ಏರಿದ ಹಾಗೆ ಸಡಿಲವಾಗುವ ಹಗ್ಗವನ್ನು ಎಳೆದುಕೊಳ್ಳುತ್ತಾ ಇರಬೇಕು. ಸ್ವಲ್ಪ ಹೊತ್ತಿಗೆ ನಿಮ್ಮ ತಲೆ ಗೋಡೆಯ ಅಂಚು ದಾಟುತ್ತದೆ. ಮೊದಲು ಹುಲ್ಲು ಕಾಣುತ್ತದೆ, ಆಮೇಲೆ ಯಾರದೋ ಶೂ, ಆಮೇಲೆ ಲಾಕ್ ಕೀಪರ್ ಮನೆಯ ಕಿಟಕಿಯ ಜೆರೇನಿಯಂ ಕುಂಡ.

ವಾಪಸ್ ಬರುವಾಗ ಇಳಿಯುವ ಲಾಕ್‌ಗಳು. ಅಲ್ಲಿ ನೊರೆ ಗಲಾಟೆ ಏನಿಲ್ಲ, ತುಂಬಿದ ತೊಟ್ಟಿಗೆ ಮೆತ್ತಗೆ ಹೋಗಿ ಮೆತ್ತಗೆ ಇಳಿಯುವುದು. ಅಪಾಯ ಮಾತ್ರ ಅಲ್ಲೇ ಜಾಸ್ತಿ. ಹಗ್ಗ ಸಿಕ್ಕಿಕೊಂಡರೆ ನೀರು ಇಳಿಯುತ್ತದೆ, ದೋಣಿ ತೂಗಿಕೊಂಡು ನಿಲ್ಲುತ್ತದೆ. ಹಿಂದಿನ ಗೇಟಿನ ಬುಡದಲ್ಲಿ ನೀರೊಳಗೆ ಒಂದು ಕಲ್ಲಿನ ಹೊಸ್ತಿಲು ಇರುತ್ತದೆ, ದೋಣಿಯ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ಮುಂಭಾಗ ಮುಳುಗುತ್ತದೆ. ಇದನ್ನು ಕೇಳಿದ ಮೇಲೆ ನಮ್ಮಲ್ಲಿ ಹಗ್ಗ ಹಿಡಿದವರು ಯಾರೂ ಇಳಿಯುವಾಗ ಫೋಟೊ ತೆಗೆಯಲಿಲ್ಲ.

ಕೂಗಾಟದ ಬಗ್ಗೆ ಹೇಳಲೇಬೇಕು. ಚುಕ್ಕಾಣಿ ಹಿಡಿದವನಿಗೆ ದೋಣಿಯ ಮೂಗು ಕಾಣುವುದಿಲ್ಲ, ಮೂಗಿನಲ್ಲಿ ನಿಂತವಳಿಗೆ ಇಂಜಿನ್ ಸದ್ದಿನಲ್ಲಿ ಅವನ ಮಾತು ಕೇಳುವುದಿಲ್ಲ. ಹಾಗಾಗಿ ಮೊದಮೊದಲು ಎಲ್ಲರೂ ಎಲ್ಲರಿಗೂ ಕೂಗಿದೆವು. "ಎಡಕ್ಕೆ" ಅಂದರೆ ಯಾರ ಎಡ? "ಬಿಡು" ಅಂದರೆ ಹಗ್ಗ ಬಿಡುವುದಾ, ಆ ವಿಷಯ ಬಿಡುವುದಾ? ಮಾಯಿ-ಲ-ವಿಲ್ ಹತ್ತಿರ ನಮ್ಮ ಜೊತೆ ಒಂದೇ ಲಾಕ್‌ಗೆ ಬಂದ ದೋಣಿಯಲ್ಲಿ ಎಪ್ಪತ್ತು ದಾಟಿದ ಜರ್ಮನ್ ದಂಪತಿ ಇದ್ದರು. ಅವರು ಲಾಕ್‌ಗೆ ಬಂದು, ಹಗ್ಗ ಹಾಕಿ, ಏರಿ, ಹಗ್ಗ ಬಿಡಿಸಿ ಹೊರಟು ಹೋಗುವವರೆಗೂ ಇಬ್ಬರ ನಡುವೆ ಒಂದು ಮಾತಿಲ್ಲ. ಆಕೆ ಮೂಗಿನಲ್ಲಿ ನಿಂತು ಕೈ ಎತ್ತುತ್ತಾರೆ, ಬೆರಳು ಮಡಚುತ್ತಾರೆ, ಮುಗಿಯಿತು. ನಲವತ್ತು ವರ್ಷ ಸಂಸಾರ ಮಾಡಿದರೆ ಮಾತು ತಾನಾಗಿ ನಿಲ್ಲುತ್ತದೆ ಅಂತ ನಮ್ಮಲ್ಲೊಬ್ಬ ಜೋಕ್ ಮಾಡಿದ. ಆದರೆ ಆ ಸಂಜೆಯೇ ಕೂತು ನಾವೂ ಕೈಸನ್ನೆಗಳನ್ನು ಗೊತ್ತು ಮಾಡಿಕೊಂಡೆವು. ಅಂಗೈ ತೋರಿಸಿದರೆ ನಿಲ್ಲು, ಎರಡೂ ಕೈಯಲ್ಲಿ ಅಳತೆ ತೋರಿಸಿದರೆ ಗೋಡೆಗೆ ಉಳಿದ ಜಾಗ. ಆಮೇಲೆ ದೋಣಿಯಲ್ಲಿ ಕೂಗಾಟ ಉಳಿದದ್ದು ಇಸ್ಪೀಟಿನ ಹೊತ್ತಿಗೆ ಮಾತ್ರ.

ಕೆಲಸ ಹಂಚಿಕೆ ತಾನಾಗಿ ಆಯಿತು. ಯಾರಿಗೆ ಏನು ಬರುತ್ತದೆ ಅನ್ನುವುದು ಅವರ ಬಗ್ಗೆ ನಾವು ಅಂದುಕೊಂಡ ಹಾಗೆ ಇರಲಿಲ್ಲ. ಗುಂಪಿನಲ್ಲಿ ಎಲ್ಲಕ್ಕೂ ಮುಂದೆ ನಿಲ್ಲುವವನು ಚುಕ್ಕಾಣಿ ಹಿಡಿದರೆ ದೋಣಿ ಹಾವಿನ ದಾರಿ ಹಿಡಿಯುತ್ತಿತ್ತು, ಪ್ರತಿ ಸಣ್ಣ ಓಲಾಟಕ್ಕೂ ತಿದ್ದುತ್ತಾನೆ. ಯಾವತ್ತೂ ಮಾತಾಡದ ಗೆಳತಿಯೊಬ್ಬಳು, ರಜೆಯಲ್ಲಿ ಓದಲಿಕ್ಕೆ ಅಂತ ದಪ್ಪ ಪುಸ್ತಕ ತಂದಿದ್ದಳು, ಅವಳ ಕೈಯಲ್ಲಿ ದೋಣಿ ಗೆರೆ ಎಳೆದ ಹಾಗೆ ಹೋಯಿತು. ಪುಸ್ತಕ ಕಿಟಕಿ ಬಡಿಯದ ಹಾಗೆ ಒತ್ತಿಡಲು ಉಪಯೋಗವಾಯಿತು.

ಲಾಕ್ ಕೀಪರ್‌ಗಳೇ ಈ ದಾರಿಯ ಯಜಮಾನರು. ಬೇಸಿಗೆಯಲ್ಲಿ ಇವರಲ್ಲಿ ಅರ್ಧಕ್ಕರ್ಧ ಕಾಲೇಜು ಹುಡುಗ ಹುಡುಗಿಯರು, ಸೀಸನ್ ಕೆಲಸಕ್ಕೆ ಬಂದವರು. ಒಂದು ಬದಿಯ ಗೇಟ್ ಅವರು ತಳ್ಳಿದರೆ ಇನ್ನೊಂದು ಬದಿ ನಮ್ಮಲ್ಲೊಬ್ಬರು ತಳ್ಳುವುದು ಮರ್ಯಾದೆ. ಹೋಗುವಾಗ ಬೊಂಜೂರ್ ಅನ್ನದೆ ಕೆಲಸ ಕೇಳಬೇಡಿ, ಫ್ರಾನ್ಸಿನಲ್ಲಿ ಎಲ್ಲಿಯೂ. ಇವತ್ತು ರಾತ್ರಿ ಎಲ್ಲಿ ನಿಲ್ಲುತ್ತೀರಿ, ನಾಳೆ ಎಷ್ಟು ಗಂಟೆಗೆ ಹೊರಡುತ್ತೀರಿ ಅಂತ ಕೇಳಿ ಮುಂದಿನ ಲಾಕ್‌ಗೆ ಫೋನ್ ಮಾಡುತ್ತಾರೆ, ಬೆಳಿಗ್ಗೆ ನೀವು ಹೋಗುವ ಹೊತ್ತಿಗೆ ಅಲ್ಲೊಬ್ಬರು ಗೇಟ್ ತೆರೆದು ನಿಂತಿರುತ್ತಾರೆ. ಕೆಲವು ಲಾಕ್ ಮನೆಗಳ ಮುಂದೆ ಮೊಟ್ಟೆ, ಜೇನು, ತರಕಾರಿ ಮಾರಾಟಕ್ಕಿರುತ್ತವೆ. ಗೋಡೆಗೆ ಹೊಡೆದ ಹಳೇ ಫಲಕದಲ್ಲಿ ಲಾಕ್‌ನ ಹೆಸರು, ಹಿಂದಿನ ಮತ್ತು ಮುಂದಿನ ಲಾಕ್‌ಗೆ ಎಷ್ಟು ದೂರ ಅನ್ನುವುದು ಮೀಟರ್ ಲೆಕ್ಕದಲ್ಲಿ ಬರೆದಿರುತ್ತದೆ. ಚಹಾ ಇಡಬಹುದಾ ಬೇಡವಾ ಅಂತ ನಾವು ತೀರ್ಮಾನಿಸುತ್ತಿದ್ದದ್ದು ಆ ಅಂಕಿ ನೋಡಿಯೇ.

ಮಧ್ಯಾಹ್ನ ಊಟದ ಹೊತ್ತಿಗೆ ಕಾಲುವೆಯೇ ನಿಲ್ಲುತ್ತದೆ. ನೀವು ಗೇಟಿನ ಮುಂದೆ ಬಂದು ನಿಂತಿದ್ದರೂ ಸರಿ, ಒಂದು ಗಂಟೆ ಕಾಯಿರಿ. ಎರಡು ನಿಮಿಷ ತಡವಾಗಿ ಬಂದು ಅವಸರದ ಮುಖ ಮಾಡಿದರೆ ಏನೂ ಪ್ರಯೋಜನ ಇಲ್ಲ, ಅವರೂ ಊಟ ಮಾಡಬೇಕು ಅಲ್ವಾ? ಬುದ್ಧಿವಂತರು ಬೇಕರಿ ಇರುವ ಊರಿನ ಲಾಕ್‌ಗೆ ಸರಿಯಾಗಿ ಹನ್ನೊಂದೂವರೆಗೆ ಬಂದು, ಬ್ರೆಡ್ ತಂದು, ದಡದಲ್ಲಿ ಗೂಟ ಹೊಡೆದು ದೋಣಿ ಕಟ್ಟಿ ಊಟಕ್ಕೆ ಕೂರುತ್ತಾರೆ. ಬೇಕರಿಯೂ ಮಧ್ಯಾಹ್ನ ಮುಚ್ಚುತ್ತದೆ, ಅನೇಕ ಕಡೆ ಸೋಮವಾರ ಪೂರ್ತಿ ರಜೆ. ದಿನಕ್ಕೆ 20 ಕಿಲೋಮೀಟರ್ ಮೇಲೆ ಪ್ಲಾನ್ ಹಾಕಿದರೆ ರಜೆ ಹಾಳು. ಲಾಕ್ ಒಂದಕ್ಕೆ ಕಾಲು ಗಂಟೆ ಇಟ್ಟುಕೊಳ್ಳಿ, ಮುಂದೆ ಇನ್ನೊಂದು ದೋಣಿ ಇದ್ದರೆ ಇನ್ನೂ ಜಾಸ್ತಿ.

ಈ ಕಾಲುವೆಯ ಮಜಾ ಏನಂದರೆ ಅದು ಪೂರ್ತಿ ಕಾಲುವೆ ಅಲ್ಲ. ಸ್ವಲ್ಪ ದೂರ ನದಿ ಪಕ್ಕದಲ್ಲೇ ಹೋಗಿ, ಆಮೇಲೆ ಒಂದು ಗೇಟ್ ದಾಟಿ ನದಿಗೇ ಇಳಿದು, ಮತ್ತೆ ಹೊರಗೆ ಬರುತ್ತದೆ. ಕಾಲುವೆಯಲ್ಲಿ ನೀರು ಅಲ್ಲಾಡುವುದಿಲ್ಲ. ಯೊನ್ ನದಿಗೆ ಬಂದ ಕೂಡಲೇ ದೋಣಿ ಹಗುರಾದ ಹಾಗೆ ಅನಿಸುತ್ತದೆ, ಬೆಳಕೂ ಜಾಸ್ತಿ. ಜೊತೆಗೆ ಎಚ್ಚರವೂ ಬೇಕು, ಯಾಕಂದರೆ ನದಿಯ ತುಂಡು ಮುಗಿಯುವ ಕಡೆ ಅಡ್ಡಗಟ್ಟೆ ಇರುತ್ತದೆ, ನೀರು ಅದರ ಮೇಲೆ ಹರಿದು ಬೀಳುತ್ತಿರುತ್ತದೆ, ಅದರ ಪಕ್ಕದ ಕಿರಿದಾದ ಬಾಯಿಯಲ್ಲಿ ನಾವು ಕಾಲುವೆಗೆ ತಿರುಗಬೇಕು. ಮಳೆ ಬಂದು ನದಿ ತುಂಬಿದರೆ ಗಾರ್ಡ್ ಗೇಟ್ ಮುಚ್ಚಿ ದೋಣಿಗಳನ್ನು ನಿಲ್ಲಿಸಿಬಿಡುತ್ತಾರೆ.

ಯೊನ್ ಬಗ್ಗೆ ಒಂದು ತಮಾಷೆ ವಿಷಯ. ಓಸೆರ್‌ನಿಂದ ಕೆಳಕ್ಕೆ ಹೋಗಿ ಮೋಂತ್ರೊ ಊರಿನಲ್ಲಿ ಅದು ಸೇನ್ ನದಿಯನ್ನು ಸೇರುತ್ತದೆ. ಅಲ್ಲಿ ಎರಡರಲ್ಲಿ ಹೆಚ್ಚು ನೀರು ತರುವುದು ಯೊನ್. ನೀರಿನ ಲೆಕ್ಕ ಹಿಡಿದರೆ ಪ್ಯಾರಿಸ್ ಮಧ್ಯೆ ಹರಿಯುವ ನದಿ ಯೊನ್ ಆಗಬೇಕಿತ್ತು, ಸೇನ್ ಅದರ ಉಪನದಿ. ಓಸೆರ್ ಕಡೆಯವರ ಮುಂದೆ ಈ ಮಾತು ತೆಗೆದು ನೋಡಿ, ನಿಮಗೆ ಇನ್ನೊಂದು ಗ್ಲಾಸ್ ಸಿಗುತ್ತದೆ. ಮೊದಲ ಸಲ ದೋಣಿ ನಡೆಸುವವರು ಮಾತ್ರ ಆ ಕೆಳಗಿನ ದಿಕ್ಕಿಗೆ ಹೋಗಬೇಡಿ. ಅಲ್ಲಿ ಕೆಲವು ಲಾಕ್‌ಗಳ ಗೋಡೆ ನೆಟ್ಟಗಿಲ್ಲ, ಇಳಿಜಾರು. ನೀರು ಇಳಿದ ಹಾಗೆ ದೋಣಿ ಇಳಿಜಾರಿನ ಮೇಲೆ ಕೂರದ ಹಾಗೆ ಇಡೀ ಹೊತ್ತು ದೂಡಿಕೊಂಡು ಇರಬೇಕು.

ದಾರಿಯ ನೋಟಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಸೊಸ್ವಾ ಬಂಡೆಗಳು. ಮೆರಿ-ಸುರ್-ಯೊನ್ ಹತ್ತಿರ ನದಿಯ ಆಚೆ ದಡದಲ್ಲಿ ಬಿಳಿ ಸುಣ್ಣಕಲ್ಲಿನ ಗೋಡೆ ಎದ್ದು ನಿಂತಿದೆ, ಅದರ ಮೇಲೆ ಬಣ್ಣಬಣ್ಣದ ಚುಕ್ಕಿಗಳ ಹಾಗೆ ಬಂಡೆ ಹತ್ತುವವರು. ಜುರಾಸಿಕ್ ಕಾಲದಲ್ಲಿ ಇಲ್ಲಿ ಬೆಚ್ಚಗಿನ ಸಮುದ್ರ ಇತ್ತು, ಈ ಬಂಡೆ ಆಗಿನ ಹವಳದ ದಿಬ್ಬ. ಅಲ್ಲೂ ಹಗ್ಗ ಹಿಡಿದು ಕೂಗಾಡುವವರೇ, ನಮಗೆ ಒಂಥರಾ ಸಮಾಧಾನವಾಯಿತು.

ಕ್ಲಾಮ್‌ಸಿ ಬಗ್ಗೆ ನಮಗೆ ಏನೂ ಗೊತ್ತಿರಲಿಲ್ಲ, ತಿರುಗಿ ಬರುವ ಜಾಗ ಅಷ್ಟೇ ಅಂದುಕೊಂಡಿದ್ದೆವು. ಆ ಊರಿನ ಕತೆ ಕೇಳಿದ ಮೇಲೆ ಒಂದು ರಾತ್ರಿ ಜಾಸ್ತಿ ನಿಂತೆವು. ಹದಿನಾರನೇ ಶತಮಾನದಿಂದ ಪ್ಯಾರಿಸ್ಸಿನ ಒಲೆಗಳಿಗೆ ಸೌದೆ ಹೋಗುತ್ತಿದ್ದದ್ದು ಮುಖ್ಯವಾಗಿ ಇಲ್ಲಿಂದ, ಮೊರ್ವಾನ್ ಬೆಟ್ಟದ ಕಾಡುಗಳಿಂದ. ಕಡಿದ ಸೌದೆಯ ತುದಿಗೆ ವ್ಯಾಪಾರಿ ತನ್ನ ಗುರುತು ಸುತ್ತಿಗೆಯಲ್ಲಿ ಒತ್ತುತ್ತಿದ್ದ. ಕೆರೆಗಳ ತೂಬು ಒಟ್ಟಿಗೆ ತೆರೆದು ಹಳ್ಳಗಳಲ್ಲಿ ಪ್ರವಾಹ ಎಬ್ಬಿಸಿ, ಲಕ್ಷಗಟ್ಟಲೆ ಬಿಡಿ ತುಂಡುಗಳನ್ನು ಅದರಲ್ಲಿ ತೇಲಿಬಿಡುತ್ತಿದ್ದರು. ಕ್ಲಾಮ್‌ಸಿಯಲ್ಲಿ ಅವನ್ನು ತಡೆದು, ಗುರುತು ನೋಡಿ ಬೇರೆ ಮಾಡಿ, ಸುಮಾರು 70 ಮೀಟರ್ ಉದ್ದದ ತೆಪ್ಪಗಳಾಗಿ ಕಟ್ಟಿ, ಯೊನ್ ಮತ್ತು ಸೇನ್ ಮೇಲೆ ಪ್ಯಾರಿಸ್‌ವರೆಗೆ ಸಾಗಿಸುತ್ತಿದ್ದರು. ತೆಪ್ಪ ನಡೆಸಿದವರು ವಾಪಸ್ ಬರುತ್ತಿದ್ದದ್ದು ನಡೆದುಕೊಂಡು. 200 ಕಿಲೋಮೀಟರ್! ಈ ಕಾಲುವೆ ತೋಡಲು ಶುರು ಮಾಡಿದ್ದೂ ಆ ಸೌದೆಗಾಗಿಯೇ. ಕಲ್ಲಿದ್ದಲು, ರೈಲು ಬಂದ ಮೇಲೆ ಎಲ್ಲ ಕುಗ್ಗಿತು, ಬಿಡಿ ಸೌದೆ ತೇಲಿಸುವುದು ಕೊನೆಗೆ ನಿಂತದ್ದು 1923ರಲ್ಲಿ. ಸೇತುವೆಯ ಮೇಲೆ ಕೊಕ್ಕೆ ಕೋಲು ಹಿಡಿದ ತೆಪ್ಪದವನ ಪ್ರತಿಮೆ ಇದೆ.

ಆ ಸೇತುವೆಯ ಹೆಸರು ಬೆತ್ಲೆಹೆಮ್. ಅದರ ಕತೆ ಇನ್ನೂ ವಿಚಿತ್ರ. 1168ರಲ್ಲಿ ಧರ್ಮಯುದ್ಧಕ್ಕೆ ಹೋದ ಈ ಭಾಗದ ಕೌಂಟ್ ಒಬ್ಬ ಸಾಯುವಾಗ ಕ್ಲಾಮ್‌ಸಿಯ ತನ್ನ ಒಂದು ಆಸ್ಪತ್ರೆಯನ್ನು ಬೆತ್ಲೆಹೆಮ್‌ನ ಬಿಷಪ್ಪರಿಗೆ ಬರೆದುಕೊಟ್ಟ. ಆಮೇಲೆ ಆ ಬಿಷಪ್ಪರು ಬೆತ್ಲೆಹೆಮ್ ಬಿಟ್ಟು ಓಡಿಬರಬೇಕಾಯಿತು, ಬಂದು ನೆಲೆಸಿದ್ದು ಇಲ್ಲೇ. ಫ್ರೆಂಚ್ ಕ್ರಾಂತಿಯವರೆಗೆ, ಐನೂರಕ್ಕೂ ಹೆಚ್ಚು ವರ್ಷ, ಬೆತ್ಲೆಹೆಮ್ ಬಿಷಪ್ ಎಂಬ ಬಿರುದಿನವರು ಬರ್ಗಂಡಿಯ ಈ ಸಣ್ಣ ಊರಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಇದ್ದರು. ಅವರ ಅಧಿಕಾರ ನಡೆಯುತ್ತಿದ್ದದ್ದು ಆ ಆಸ್ಪತ್ರೆ, ಅದರ ಪ್ರಾರ್ಥನಾ ಮಂದಿರ, ಅಷ್ಟರಲ್ಲೇ. ಈಗ ಅಲ್ಲಿ ಆ ಹೆಸರಿನ ಕಾಂಕ್ರೀಟ್ ಚರ್ಚು ಇದೆ, ಇಪ್ಪತ್ತನೇ ಶತಮಾನದ್ದು. ನೋಡಲು ಅಷ್ಟಕ್ಕಷ್ಟೆ.

ಊಟದ ಬಗ್ಗೆ ಬರೆಯಲು ಕೂತರೆ ಇದು ಮುಗಿಯುವುದಿಲ್ಲ, ಎರಡೇ ಮಾತು. ನಾವು ಹೋದದ್ದು ಜೂನ್. ಸಾನ್-ಬ್ರಿ, ಇರಾನ್ಸಿ ಕಡೆ ಚೆರ್ರಿ ಹಣ್ಣಿನ ಕಾಲ, ರಾತ್ರಿ ಒಂಬತ್ತೂವರೆಗೂ ಬೆಳಕು. ನದಿ ದಡದ ಬಯ್ಯಿ ಎಂಬಲ್ಲಿ ಹಳೇ ಕಲ್ಲಿನ ಗಣಿಯೊಳಗೆ, ಬೆಟ್ಟದ ಹೊಟ್ಟೆಯಲ್ಲಿ, ನೊರೆ ವೈನ್ ಕ್ರೆಮಾನ್ ಬಾಟಲಿಗಳನ್ನು ಸಾಲುಸಾಲಾಗಿ ಇಟ್ಟಿದ್ದಾರೆ. ಹೊರಗೆ ಬಿಸಿಲಿದ್ದಾಗ ಒಳಗೆ ಸ್ವೆಟರ್ ಬೇಕು. ಇನ್ನೊಂದು, ಎಪುವಾಸ್ ಚೀಸ್. ಬರ್ಗಂಡಿಯ ಹೆಮ್ಮೆ, ಮೇಲ್ಮೈಯನ್ನು ದ್ರಾಕ್ಷಿ ಸಾರಾಯಿಯಲ್ಲಿ ತೊಳೆದು ಮಾಗಿಸಿದ್ದು, ರುಚಿ ಅದ್ಭುತ. ಆದರೆ ದೋಣಿಯ ಪುಟ್ಟ ಫ್ರಿಜ್‌ನಲ್ಲಿ ಅದನ್ನು ಇಡುವ ಮುಂಚೆ ಎಲ್ಲರ ಒಪ್ಪಿಗೆ ಪಡೆಯಿರಿ. ನಮ್ಮಲ್ಲಿ ಪಡೆಯಲಿಲ್ಲ. ಬೆಳಿಗ್ಗೆ ಹಾಲು ತೆಗೆದಾಗ ಕಾಫಿಗೂ ಅದೇ ವಾಸನೆ, ಮೊಟ್ಟೆಗೂ ಅದೇ, ಡೀಸೆಲ್ ವಾಸನೆ ಕೂಡ ಅದರ ಮುಂದೆ ಸೋತಿತು. ಮಾಂಸ ತಿನ್ನದ ಇಬ್ಬರು ಗುಜೇರ್ ಎಂಬ ಚೀಸ್ ಬೋಂಡದಂಥದ್ದರ ಮೇಲೆ, ಹಾಗೂ ನಾವೇ ಮಾಡಿದ ಅನ್ನ ಸಾರಿನ ಮೇಲೆ ಬದುಕಿದರು. ದೋಣಿಯಲ್ಲಿ ಅಡುಗೆಮನೆ ಇರುವುದು ಎಷ್ಟು ದೊಡ್ಡ ಅನುಕೂಲ ಅಂತ ಮೂರನೇ ದಿನ ಬ್ರೆಡ್ ತಿಂದವರಿಗೆ ಗೊತ್ತು.

ಹೋಗುವವರಿಗೆ ಕೆಲವು ಮಾತು. ಮೇ, ಜೂನ್, ಸೆಪ್ಟೆಂಬರ್‌ನಲ್ಲಿ ಬಾಡಿಗೆ ಜುಲೈ ಆಗಸ್ಟ್‌ಗಿಂತ ಕಮ್ಮಿ, ಲಾಕ್‌ನಲ್ಲಿ ಕಾಯುವುದೂ ಕಮ್ಮಿ. ಚಳಿಗಾಲದಲ್ಲಿ ದುರಸ್ತಿಗೆ ಕಾಲುವೆ ಮುಚ್ಚುತ್ತಾರೆ, ಮೇ 1ಕ್ಕೆ ಲಾಕ್‌ಗಳು ರಜೆ. ಡೀಸೆಲ್‌ಗೆ ಇಂಜಿನ್ ಓಡಿದ ಗಂಟೆ ಲೆಕ್ಕದಲ್ಲಿ ಕೊನೆಗೆ ಬೇರೆ ಬಿಲ್ ಆಗುತ್ತದೆ, ಮೊದಲೇ ಕೇಳಿಕೊಳ್ಳಿ. ಸೈಕಲ್ ಬಾಡಿಗೆಗೆ ಪಡೆಯಿರಿ, ಒಂದಾದರೂ ಸಾಕು. ಕಾಲುವೆ ಪಕ್ಕ ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ ಈಗ ಸೈಕಲ್ ದಾರಿ, ಒಬ್ಬರು ಮುಂದೆ ಹೋಗಿ ಲಾಕ್‌ನಲ್ಲಿ ಹಗ್ಗ ಹಿಡಿಯಲು ನಿಂತಿರಬಹುದು, ಬರುವಾಗ ಬ್ರೆಡ್ಡೂ ತರಬಹುದು. ನೀರಿನ ಟ್ಯಾಂಕ್ ಸಿಕ್ಕ ಕಡೆಯೆಲ್ಲ ತುಂಬಿಸಿ. ಮೆತ್ತನೆ ಸೂಟ್‌ಕೇಸ್ ತನ್ನಿ, ಗಟ್ಟಿ ಪೆಟ್ಟಿಗೆ ಇಡಲು ಜಾಗ ಇಲ್ಲ. ಗೂಟ ಹೊಡೆಯುವ ಸುತ್ತಿಗೆಗೆ ಒಂದು ದಾರ ಕಟ್ಟಿಡಿ. ದಡದಲ್ಲಿ ಮೀನು ಹಿಡಿಯುವವರು ಕಂಡರೆ ನಿಧಾನ ಮಾಡಿ, ಅವರು ಉದ್ದನೆ ಗಾಳಗಳನ್ನು ಒಂದೊಂದಾಗಿ ಎತ್ತಿಕೊಳ್ಳುವಷ್ಟು ಸಮಯ ಕೊಡಿ.

ಮಂಡಿ ನೋವಿನವರು, ಹಗ್ಗದ ತುದಿ ಹಿಡಿಯಲಾಗದಷ್ಟು ಚಿಕ್ಕ ಮಕ್ಕಳಿರುವವರು, ಜೊತೆಗೆ ಬರುವ ಇಬ್ಬರ ನಡುವೆ ಮೊದಲೇ ಮಾತು ಬಿಟ್ಟಿದೆ ಅಂತ ಗೊತ್ತಿರುವವರು ಲಾಕ್ ಕಮ್ಮಿ ಇರುವ ಕಾಲುವೆ ನೋಡಿಕೊಳ್ಳುವುದು ಒಳ್ಳೆಯದು. ಮಿದಿ ಕಾಲುವೆಯಲ್ಲೇ ಅರ್ಜಾನ್ಸ್ ಊರಿನಿಂದ ಬೆಜಿಯೆವರೆಗೆ 50ಕ್ಕೂ ಹೆಚ್ಚು ಕಿಲೋಮೀಟರ್ ಒಂದೇ ಒಂದು ಲಾಕ್ ಇಲ್ಲ.

ಮುಂದೆ ಎಲ್ಲಿಗೆ ಅನ್ನುವ ಜಗಳ ಈಗ ನಡೆದಿದೆ. ಹಾವಿನ ದಾರಿ ಹಿಡಿಯುವ ನಮ್ಮ ಕ್ಯಾಪ್ಟನ್‌ಗೆ ಬರ್ಗಂಡಿ ಕಾಲುವೆಯೇ ಆಗಬೇಕು. 242 ಕಿಲೋಮೀಟರ್, 189 ಲಾಕ್, ಪೂಯಿ ಹತ್ತಿರ 3,333 ಮೀಟರ್ ಉದ್ದದ ಸುರಂಗ. ಸುರಂಗದೊಳಗೆ ಒಂದೇ ದೋಣಿಗೆ ಜಾಗ, ಗೋಡೆ ಎರಡೂ ಕಡೆ ಹತ್ತಿರ, ಅಲ್ಲಿ ಹಾವಿನ ದಾರಿ ನಡೆಯುವುದಿಲ್ಲ ಅಂತ ಉಳಿದವರೆಲ್ಲ ಹೇಳಿ ಆಯಿತು. ಹಗ್ಗ ಹಿಡಿಯುತ್ತಿದ್ದವಳು ಷರತ್ತು ಹಾಕಿದ್ದಾಳೆ: 189ರಲ್ಲಿ ಮೊದಲ ನೂರು ಲಾಕ್‌ಗೆ ಕ್ಯಾಪ್ಟನ್ನೇ ಏಣಿ ಹತ್ತುವುದಾದರೆ ಅವಳ ವೋಟು ಅವನಿಗೆ. ಅವನು ಇನ್ನೂ ಉತ್ತರ ಕೊಟ್ಟಿಲ್ಲ.